ಗುಲಾಬಿ ಸೋಂಪು

ಹಲೋ... ಹಿಸ್ಕೆ ಮಾತಾಡ್ತಿರೋದು. ಯಾರು?

... ಯಾರು ಅಂದ್ರಿ? ಸ್ವಲ್ಪ ಜೋರಾಗಿ ಹೇಳಿ, ಬರೀ ಗಾಳಿ ಸದ್ದೇ ಕೇಳಿಸ್ತಿದೆ.

... ಓ, ನಿಂಕೆನಾ. ನಾನು ಅಂದ್ಕೊಂಡೆ... ಬಿಡು, ಏನಿಲ್ಲ. ಎರಡು ವಾರದಿಂದ ಫೋನ್ ಹೊಡ್ಕೊಂಡಾಗೆಲ್ಲ ಅದೇ ಅಂದ್ಕೊಳ್ಳೋದು, ಎತ್ತಿದ್ರೆ ಇನ್ಯಾರೋ. ನಿನ್ನೆ ಕನ್ನಡಕದ ಅಂಗಡಿಯವನು. ಅವನ ಮೇಲೆ ಸುಮ್ಸುಮ್ನೆ ರೇಗಿಬಿಟ್ಟೆ, ಪಾಪ.

... ಚೆನ್ನಾಗಿದ್ದೀನಿ ಕಣೆ. ಆಲೂಗಡ್ಡೆ ಸುಲೀತಾ ಕೂತಿದ್ದೆ. ಇವತ್ತೂ ಇಬ್ಬರಿಗಾಗೋಷ್ಟು ಸುಲಿದುಬಿಟ್ಟಿದ್ದೀನಿ. ನಿಮ್ಮನೇಲಿ ಸರಿಯಾಗಿ ಊಟ ಮಾಡ್ತಾಳಾ ಅವಳು?

... ಹಾಂ. ಅವನು. ಮಾಡ್ತಾನಾ. ಗೊತ್ತು ಕಣೆ, ಗೊತ್ತು. ಹದಿನೇಳು ವರ್ಷ ಮೊಮ್ಮಗಳು, ಮೊಮ್ಮಗಳು ಅಂತ ಒಂದೇ ದಾರೀಲಿ ಓಡಾಡಿದ ನಾಲಿಗೆ, ತಿರುಗಿಸೋಷ್ಟರಲ್ಲಿ ಜಾರಿಬಿಡುತ್ತೆ. ಅದಕ್ಕೇ ಮಗು ಅನ್ನೋಣ ಅಂತ ಯೋಚಿಸಿದ್ದೆ. ಮಗು ಅಂದ್ರೆ ತಪ್ಪಾಗಲ್ಲ ಅಲ್ವಾ? ಮಗು ಊಟ ಮಾಡ್ತು, ಮಗು ಮಲಗ್ತು. ಅಲ್ಲಿ ಅವಳೂ ಇಲ್ಲ, ಅವನೂ ಇಲ್ಲ. ಎಲ್ಲರಿಗೂ ನೆಮ್ಮದಿ.

... ಅದೂ ಬೇಡ್ವಾ? ಯಾಕೆ?

... ಹಾಂ... ಅದೂ ನಿಜ. ಹದಿನೇಳು ವರ್ಷದ ಹುಡುಗನ್ನ ಮಗು ಅಂದ್ರೆ ಯಾರಿಗೆ ತಾನೇ ಇಷ್ಟ ಆಗುತ್ತೆ. ಸರಿ. ಅವನು. ಊಟ ಮಾಡ್ತಾನಾ ಅವನು?

... ಬರೀ ಬ್ರೆಡ್ಡಾ? ರಾತ್ರಿಗೂ ಬ್ರೆಡ್ಡೇನಾ? ನಿಮ್ಮಮ್ಮನಿಗೆ ಹೇಳು, ಬಟಾಣಿ ಸೂಪು ಮಾಡಿಕೊಟ್ರೆ ಕುಡೀತಾನೆ ಅಂತ. ಗಟ್ಟಿಗಿರಬೇಕು, ಚಮಚ ನಿಲ್ಲಿಸಿದ್ರೆ ನಿಲ್ಲೋ ಹಾಗೆ. ನಾನು ಹೇಳಿದೆ ಅನ್ನಬೇಡ. ನಿಮ್ಮಮ್ಮನಿಗೇ ಹೊಳೆದದ್ದು ಅನ್ನು.

... ಇಲ್ಲ, ಅಳ್ತಿಲ್ಲ. ಈರುಳ್ಳಿ. ಅಲ್ಲ, ಆಲೂಗಡ್ಡೆ ಅಂದೆ ಅಲ್ವಾ ಆಗ್ಲೇ. ಹಾಂ, ಹಾಗಾದ್ರೆ ಅಳ್ತಾನೇ ಇರಬೇಕು ಬಿಡು.

... ಹೇಳು. ಏನೋ ಹೇಳೋಕೆ ಫೋನ್ ಮಾಡಿದ್ದೀಯ.

... ನಾಳೆ ವಿಷಯನಾ? ಓ, ನಾಳೆ ವಿಷಯ ನನಗೆ ಮರೆತಿದೆ ಅಂದ್ಕೊಂಡ್ಯಾ. ನಾಳೆ ಶುಕ್ರವಾರ, ಎಲ್ಲರೂ ನೇರಳೆ ಬಣ್ಣ ಹಾಕ್ಕೊಂಡು ಶಾಲೆಗೆ ಹೋಗೋ ದಿನ. ಯಾರು ಯಾರನ್ನ ಇಷ್ಟಪಟ್ರೂ, ಯಾರು ಏನಾಗಿ ಬದುಕ್ತೀನಿ ಅಂದ್ರೂ ನಾವು ನಿಮ್ಮ ಜೊತೆಗಿದ್ದೀವಿ ಅಂತ ತೋರಿಸೋ ದಿನ. ನೀನೇ ಹೇಳಿಕೊಟ್ಟಿದ್ದಲ್ವಾ. ಮೊನ್ನೆ ಬಸ್ಸಲ್ಲಿ ಲೇವಾರ್ಡನ್ ಪೇಟೆಗೆ ಹೋಗಿ ನೇರಳೆ ಸ್ವೆಟರ್ ತಂದೆ. ಅಂಗಡಿ ಹುಡುಗಿ, ನಿಮ್ಮ ವಯಸ್ಸಿಗೆ ಬೂದು ಬಣ್ಣ ಒಪ್ಪುತ್ತೆ ಅಂದ್ಲು. ನನ್ನ ವಯಸ್ಸಿಗೆ ಒಪ್ಪೋದು ನೋಡ್ತಾ ಕೂತ್ರೆ ಶವದ ಪೆಟ್ಟಿಗೇನೇ ಒಪ್ಪೋದು ಕಣಮ್ಮ, ನೇರಳೆ ಕೊಡು ಅಂದೆ.

... ಹಾಂ, ನಗು. ನೀನು ನಕ್ಕು ಎಷ್ಟು ದಿನ ಆಯ್ತು.

... ಇರು, ಇರು, ನಾನು ಹೇಳಿ ಮುಗಿಸ್ತೀನಿ. ಮುಂದುಗಡೆ ಕೂರಲ್ಲ. ಹಿಂದೆ, ಬಾಗಿಲ ಹತ್ರ. ಬಾಯಿ ತೆಗೆಯಲ್ಲ. ಅವನು ವೇದಿಕೆ ಮೇಲೆ ಮಾತಾಡ್ತಾನೆ ಅಂತ ಅವರಮ್ಮ ಹೇಳಿದ್ಲು. ಅವಳಿಗೆ ಈ ವಾರ ಹಡಗಿನ ಕೆಲಸ, ದ್ವೀಪದಿಂದ ಬರೋಕಾಗಲ್ಲ. ನಮ್ಮ ಕಡೆಯಿಂದ ಒಬ್ಬರಾದ್ರೂ ಇರಬೇಕಲ್ವಾ. ಅವನು ಮಾತಾಡೋದು ಕೇಳ್ತೀನಿ, ಎದ್ದು ಬರ್ತೀನಿ. ನನ್ನ ನೋಡೋದೂ ಬೇಡ ಅವನು. ನಾನು ನೋಡಿದ್ರೆ ಸಾಕು.

...

ನಿಂಕೆ? ಇದ್ದೀಯಾ?

... ಇದ್ದೀಯಲ್ಲ. ಹೇಳು ಮತ್ತೆ.

... ಏನು ಬೇಡ? ಸ್ವೆಟರ್ ಬೇಡ್ವಾ? ಮಾಮೂಲಿ ಕೋಟಲ್ಲೇ ಬರ್ತೀನಿ ಹಾಗಾದ್ರೆ.

... ಓ.

... ಇಲ್ಲ, ಕೇಳಿಸ್ತು. ಒಂದ್ಸಲ ಹೇಳಿದ್ರೆ ಸಾಕು, ಕಿವಿ ಇನ್ನೂ ಚೆನ್ನಾಗಿದೆ.

... ಅವನೇ ಹೇಳಿದ್ನಾ? ಇಲ್ಲ ನೀವೆಲ್ಲ ಸೇರಿ ಹೇಳಿದ್ದಾ?

... ಅವನೇ. ಹಾಂ. ಏನಂತ ಹೇಳಿದ? ಅವನ ಬಾಯಲ್ಲಿ ಬಂದ ಹಾಗೇ ಹೇಳು. ನೀನು ಬೆಣ್ಣೆ ಸವರಬೇಡ.

... "ಅಜ್ಜಿ ಬಂದ್ರೆ ನಾನು ವೇದಿಕೆ ಹತ್ತಲ್ಲ." ಹಾಂ. ಅಜ್ಜಿ ಅಂದ್ನಾ? ಅಜ್ಜಿ ಅಂತಾನೇ ಅಂದ್ನಾ?

... ಸರಿ. ಅಷ್ಟಾದ್ರೂ ಅಂದ್ನಲ್ಲ.

... ನಿಂಕೆ, ಒಂದು ಮಾತು. ನೀನು ಅಲ್ಲೇ ಇದ್ದೆ ಆವತ್ತು, ಎಲ್ಲ ನೋಡಿದ್ದೀಯ. ಆದ್ರೆ ನನ್ನ ಕಡೆಯಿಂದ ಅದು ಹೇಗಿತ್ತು ಅಂತ ಯಾರೂ ಕೇಳಲಿಲ್ಲ. ನನ್ನ ಮಗಳೂ ಕೇಳಲಿಲ್ಲ. "ಅಮ್ಮ, ಹೀಗಾ ಮಾಡೋದು" ಅಂತ ಅಂದು ಫೋನಿಟ್ಲು. ಹೀಗೆ ಅಂದ್ರೆ ಹೇಗೆ? ಎರಡು ನಿಮಿಷ ಕೇಳ್ತೀಯಾ?

... ಕೇಳು ಹಾಗಾದ್ರೆ. ನೀನು ಮೊದಲು ನಮ್ಮನೆ ಬಾಗಿಲಿಗೆ ಬಂದಾಗ ಮೊಳಕಾಲಿನವರೆಗೂ ಕೆಸರು, ನೆನಪಿದ್ಯಾ? ಯಾರದೋ ಸೈಕಲ್ ಕಾಲುವೆಯಿಂದ ಎತ್ತಿ ಬಂದಿದ್ದೆ. ಶಾಲೇಲಿ ಸಂಘ ಕಟ್ಟಬೇಕು ಅಜ್ಜಿ, ಹುಡುಗರನ್ನ ಇಷ್ಟಪಡೋ ಹುಡುಗರು, ಹುಡುಗೀರನ್ನ ಇಷ್ಟಪಡೋ ಹುಡುಗೀರು, ಮೈಗೂ ಮನಸ್ಸಿಗೂ ತಾಳೆ ಆಗದೆ ಒದ್ದಾಡೋರು, ಅವರೆಲ್ಲ ಒಂದು ಗಂಟೆ ಹೆದರಿಕೆ ಇಲ್ಲದೆ ಕೂರೋಕೆ ಒಂದು ಜಾಗ ಬೇಕು ಅಂದೆ. ಹೆಡ್ಮಾಸ್ಟ್ರು ರೂಮಿಲ್ಲ ಅಂದಿದ್ರು. ನಮ್ಮಲ್ಲಿ ಎಲ್ಲರೂ ಒಂದೇ, ಬೇರೆ ಸಂಘ ಯಾಕೆ ಅಂದ್ರಂತೆ. ಎಲ್ಲರೂ ಒಂದೇ ಆದ್ರೆ ಆ ಹುಡುಗನ ಸೈಕಲ್ಲೊಂದೇ ಯಾಕೆ ನೀರಿಗೆ ಬಿತ್ತು ಅಂತ ನೀನು ಕೇಳಿದ್ದಕ್ಕೆ, ಗಾಳಿ ಜೋರಿತ್ತು ಅಂದ್ರಂತೆ.

... ಹೂಂ, ಅದನ್ನ ನೆನೆಸ್ಕೊಂಡ್ರೆ ನನಗೂ ನಗು ಬರುತ್ತೆ. ಆಗ ನಾನೇ ಅಲ್ವಾ ಅಂದಿದ್ದು, ನಮ್ಮ ಮುಂದಿನ ಕೋಣೆ ಖಾಲಿ ಬಿದ್ದಿದೆ, ಬುಧವಾರ ಬನ್ನಿ ಅಂತ.

... ಗೊತ್ತು ಗೊತ್ತು. ಕಾಫಿ ಜೊತೆ ಒಂದೇ ಒಂದು ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚಿಬಿಡ್ತಾರೆ ಅಂತ ನೀವೆಲ್ಲ ಆಡ್ಕೊಂಡು ನಗ್ತಿದ್ದದ್ದು ನನಗೆ ಗೊತ್ತು. ನಮ್ಮ ಕಾಲದಲ್ಲಿ ಒಂದೇ ಕೊಡೋದು ಕಣೆ. ಆಮೇಲಾಮೇಲೆ ಎರಡು ಕೊಟ್ನಲ್ಲ. ಡಬ್ಬಿಯನ್ನೇ ಮೇಜಿನ ಮೇಲೆ ಇಟ್ಟುಬಿಟ್ಟೆ ಕೊನೆಗೆ. ನಮ್ಮಮ್ಮ ನೋಡಿದ್ರೆ ಎದೆ ಒಡ್ಕೋತಿದ್ರು.

... ಪರದೆ ಕತೆ ಹೇಳು ಮತ್ತೆ. ಈ ಬೀದೀಲಿ ಯಾರೂ ಪರದೆ ಎಳೆಯಲ್ಲ, ಒಳಗೆ ಮುಚ್ಚಿಡೋದೇನಿದೆ ಅಂತ. ನಾನು ಈ ಮನೆಗೆ ಬಂದಾಗಿಂದ ಒಂದೇ ಸಲ ಎಳೆದದ್ದು, ನಮ್ಮ ಯಜಮಾನ್ರು ತೀರ್ಕೊಂಡಾಗ. ನಿಮ್ಮಲ್ಲಿ ಆ ಚಿಕ್ಕ ಹುಡುಗ, ಸೈಕಲ್ ಹುಡುಗ, ಹೊರಗಿಂದ ಯಾರಾದ್ರೂ ನೋಡ್ತಾರೆ ಅಂತ ನಡುಗ್ತಾ ಕೂತಿದ್ದ. ಎಳೆದುಬಿಟ್ಟೆ. ಹತ್ತು ನಿಮಿಷ ಆಗಿಲ್ಲ, ಪಕ್ಕದ್ಮನೆ ಬೌಕೆ ಕಪ್ಪು ಕೋಟು ಹಾಕ್ಕೊಂಡು ಬಾಗಿಲು ತಟ್ಟಿದ್ಲು. "ಯಾರು ಹೋಗಿದ್ದು, ಹಿಸ್ಕೆ?" ಅಂತ. ಯಾರೂ ಹೋಗಿಲ್ಲ ಕಣೆ, ಬಂದಿದ್ದಾರೆ ಅಂದೆ.

... ಹಾಂ, ಒಳ್ಳೇ ದಿನಗಳು. ನನಗೂ.

... ಅದನ್ನೇ ಹೇಳೋಕೆ ಬಂದೆ. ನೀವು ಒಳಗೆ ಮಾತಾಡುವಾಗ ನಾನು ಅಡುಗೆಮನೇಲಿ ರೇಡಿಯೋ ಜೋರಾಗಿ ಹಾಕ್ಕೊಂಡು ಕೂರ್ತಿದ್ದೆ. ನೀನೇ ಕೇಳ್ಕೊಂಡಿದ್ದೆ, ಅಜ್ಜಿ, ಇಲ್ಲಿ ಆಡಿದ ಮಾತು ಇಲ್ಲೇ ಇರಬೇಕು, ನೀವೂ ಕೇಳಿಸ್ಕೋಬಾರದು ಅಂತ. ಆಯ್ತು ಅಂದೆ. ಮಾತು ಕೊಟ್ಟೆ. ವಸಂತ ಮುಗೀತು, ಬೇಸಿಗೆ ಮುಗೀತು, ಎಲೆ ಉದುರಿತು, ಒಂದೇ ಒಂದು ಮಾತು ನನ್ನ ಕಿವಿಗೆ ಬೀಳಲಿಲ್ಲ. ಗೋಡೆ ಆ ಕಡೆ ನನ್ನ ಮೊಮ್ಮಗಳು ಕೂತು ನಾನು ಹುಡುಗ ಅಂತ ಹೇಳ್ತಾ ಇದ್ದಾಳೆ, ಈ ಕಡೆ ನಾನು ಹವಾಮಾನ ವರದಿ ಕೇಳ್ತಾ ಕೂತಿದ್ದೀನಿ.

... ಮೊಮ್ಮಗ. ಹಾಂ. ಆಗ ನನಗೆ ಮೊಮ್ಮಗಳೇ ಅಲ್ವಾ ನಿಂಕೆ? ಆಗಿನ ಕತೆ ಹೇಳುವಾಗಲೂ ತಿದ್ದಬೇಕಾ?

... ತಿದ್ದಬೇಕು. ಸರಿ. ತಿದ್ಕೋತೀನಿ. ಆಗಲೂ ಅವನು ಅವನೇ ಆಗಿದ್ದ, ನನಗೆ ಗೊತ್ತಿರಲಿಲ್ಲ ಅಷ್ಟೇ. ಹಾಗೆ ಹೇಳಿದ್ರೆ ಸರಿನಾ?

... ನನಗೆ ಹೇಳಿದ್ದೇನು ಗೊತ್ತಾ? ಫ್ರೆಂಡ್ಸಿಗೆ ಸಹಾಯ ಮಾಡೋಕೆ ಕೂರ್ತೀನಿ ಅಜ್ಜಿ ಅಂತ. ನಾನು ನಂಬಿದೆ. ಎಷ್ಟು ಒಳ್ಳೇ ಮನಸ್ಸು ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದೆ. ಕೂದಲು ಗಿಡ್ಡ ಮಾಡಿಸ್ಕೊಂಡು ಬಂದಾಗ, ಅಯ್ಯೋ, ಥೇಟ್ ನಿಮ್ಮ ತಾತನ ಹಾಗೆ ಕಾಣ್ತೀಯಲ್ಲೇ ಅಂದೆ. ಓಡಿ ಬಂದು ತಬ್ಬಿಕೊಂಡ. ಬಿಡಲೇ ಇಲ್ಲ. ಒಲೆ ಮೇಲೆ ಹಾಲು ಉಕ್ತಿದೆ ಬಿಡೇ ಅಂತ ನಾನೇ ಬಿಡಿಸ್ಕೊಂಡೆ.

...

ಇಲ್ಲ, ಇದ್ದೀನಿ. ಮೂಗು ಒರೆಸ್ಕೊಂಡೆ.

... ಆಮೇಲೆ ಶಾಲೆಯವರು ಕೊನೆಗೂ ರೂಮ್ ಕೊಟ್ರು. ನೀನು ಸೈಕಲ್ಲಿಂದ ಇಳೀದೇ, ಒಂದು ಕಾಲು ನೆಲಕ್ಕೆ ಊರಿ, ಬಾಗಿಲಲ್ಲೇ ನಿಂತು ಹೇಳಿದ್ದು. ಏನು ಹೇಳ್ದೆ? ನೆನಪಿದ್ಯಾ?

... ಅಲ್ಲ. ಪೂರ್ತಿ ಅದಲ್ಲ. ನಾನು ಹೇಳ್ತೀನಿ. "ಅಜ್ಜಿ, ಗುರುವಾರ ಸಂಘದ ಕೋಣೆ ತೆರೀತೀವಿ. ನಿಮ್ಮ ಮೊಮ್ಮಗುಗೆ ಅದು ಹೊಸದಾಗಿ ಹುಟ್ಟಿದ ಹಾಗೆ. ಮಗು ಹುಟ್ಟಿದ್ರೆ ಕೊಡೋ ರಸ್ಕ್ ನೀವೇ ತಂದುಕೊಡಿ, ಖುಷಿಯಾಗುತ್ತೆ." ಮೊಮ್ಮಗು ಅಂದೆ ನೀನು. ಮೊಮ್ಮಗ ಅಂತ ಅನ್ನಲಿಲ್ಲ. ಆ ಒಂದು ಅಕ್ಷರ ನಿಂಕೆ.

... ಬೈತಿಲ್ಲ ಕಣೆ. ಬೈತಿಲ್ಲ. ಯಾಕೆ ಬಿಡಿಸಿ ಹೇಳಲಿಲ್ಲ ಅಂತ ಆಮೇಲೆ ನನಗೇ ಹೊಳೀತು. ಭಾನುವಾರವೇ ಅಜ್ಜಿಗೆ ಎಲ್ಲ ಹೇಳ್ತೀನಿ ಅಂತ ಅವನು ನಿನಗೆ ಮಾತು ಕೊಟ್ಟಿದ್ದ ಅಲ್ವಾ? ಹೇಳಿದ್ದಾನೆ ಅಂತ ನೀನು ಅಂದ್ಕೊಂಡೆ.

... ಹೇಳಲಿಲ್ಲ. ಭಾನುವಾರ ನನ್ನ ಎದುರಿಗೇ ಕೂತಿದ್ದ. ಸೂಪು ಬಡಿಸಿದೆ. ಎರಡು ಸಲ ಅಜ್ಜಿ ಅಂದ. ಏನು ಅಂದೆ. ಏನಿಲ್ಲ, ಉಪ್ಪು ಕೊಡು ಅಂದ. ಉಪ್ಪು ಅವನ ಕೈ ಪಕ್ಕದಲ್ಲೇ ಇತ್ತು.

... ಹಾಂ. ಅವನು ಹೇಳಲಿಲ್ಲ, ನೀನು ಬಿಡಿಸಿ ಹೇಳಲಿಲ್ಲ, ನಾನು ಕೇಳಲಿಲ್ಲ. ಕೇಳೋದೇನಿತ್ತು ಅಂತೀನಿ. ಹೆಣ್ಣು ಹುಟ್ಟಿದ್ರೆ ರಸ್ಕ್ ಮೇಲೆ ಗುಲಾಬಿ ಬಣ್ಣದ ಸಕ್ಕರೆ ಸೋಂಪು, ಗಂಡು ಹುಟ್ಟಿದ್ರೆ ನೀಲಿ. ಈ ದೇಶದಲ್ಲಿ ಅದನ್ನ ಯಾರಾದ್ರೂ ಕೇಳ್ತಾರಾ? ಅವನು ಹುಟ್ಟಿದಾಗ ಇದೇ ಅಡುಗೆಮನೇಲಿ ನಾನೇ ರಸ್ಕಿಗೆ ಬೆಣ್ಣೆ ಸವರಿ, ಗುಲಾಬಿ ಸೋಂಪು ಉದುರಿಸಿ, ಬೀದಿಗೆಲ್ಲ ಹಂಚಿದ್ದೆ. ನನ್ನ ಹೆಸರಿಟ್ಟಿದ್ರು ನೋಡು, ಮೊದಲ ಮೊಮ್ಮಗುಗೆ ಅಜ್ಜಿ ಹೆಸರು. ಮನೇಲಿ ಯಾರಾದ್ರೂ ಹಿಸ್ಕೆ ಅಂತ ಕೂಗಿದ್ರೆ ಮಹಡಿ ಮೇಲಿಂದ ಒಂದು ಓ, ಕೆಳಗಿಂದ ಒಂದು ಓ. ಅದೇ ಖುಷೀಲಿ ಮತ್ತೆ ಮಾಡ್ದೆ. ಬೆಳಿಗ್ಗೆಯಿಂದ ಮಾಡ್ದೆ. ಎರಡು ದೊಡ್ಡ ತಟ್ಟೆ.

... ಹೌದು, ಸಮಾಧಾನ ನೀನು ಮಾಡ್ತೀಯ. ಆದ್ರೂ ಆ ಬಾಗಿಲು ತೆಗೆದಾಗ ನಾನೇ ಅಲ್ವಾ ಕೂಗಿದ್ದು, ನಮ್ಮನೆ ಹೆಣ್ಣುಮಗುಗೆ ಅಭಿನಂದನೆ, ನಿಮಗೆಲ್ಲರಿಗೂ ಅಭಿನಂದನೆ ಅಂತ. ಅಷ್ಟು ಜೋರಾಗಿ ಯಾಕೆ ಕೂಗಬೇಕಿತ್ತು. ಕಾರಿಡಾರಲ್ಲಿದ್ದವರೆಲ್ಲ ತಿರುಗಿ ನೋಡಿದ್ರು. ಒಳಗೆ ನೀವೆಲ್ಲ ಕಲ್ಲಿನ ಹಾಗೆ. ಗೋಡೆ ಮೇಲೆ ದೊಡ್ಡದಾಗಿ ಬರೆದಿತ್ತು, ಸ್ವಾಗತ ಮೆಲ್ಲೆ ಅಂತ. ನನಗೆ ಅರ್ಥವಾಗಲಿಲ್ಲ. ನಾನು... ನಾನು ಕೇಳಿದ್ದು ಅದೇ ಅಲ್ವಾ ನಿಂಕೆ? ಅವನ ಮುಖ ನೋಡ್ಕೊಂಡೇ.

... "ಮೆಲ್ಲೆ ಯಾರು? ಯಾರ ಮನೆ ಹುಡುಗ?" ಹಾಂ. ಅದೇ.

...

ನಮ್ಮ ಮನೆತನದಲ್ಲಿ ಆ ಹೆಸರಿನವರು ಯಾರೂ ಇಲ್ಲ, ಅದಕ್ಕೇ ಗೊತ್ತಾಗಲಿಲ್ಲ. ಅವರ ತಾತನ ಹೆಸರು ಇಟ್ಕೊಂಡಿದ್ರೂ ತಟ್ಟನೆ ಹೊಳೀತಿತ್ತೇನೋ. ಇಷ್ಟೊಂದು ಹೆಸರಲ್ಲಿ ಮೆಲ್ಲೆನೇ ಯಾಕೆ ಅಂತ ನಿನಗೇನಾದ್ರೂ ಹೇಳಿದ್ದಾನಾ?

... ಯಾರದೂ ಅಲ್ಲದ ಹೆಸರು ಬೇಕಿತ್ತು. ತನ್ನದೊಂದು. ಹಾಂ... ಅದು ಅರ್ಥವಾಗುತ್ತೆ. ಬೇಜಾರಾಗಲ್ಲ ಅಂತ ಸುಳ್ಳು ಹೇಳಲ್ಲ, ಆದ್ರೆ ಅರ್ಥವಾಗುತ್ತೆ. ನನ್ನ ಹೆಸರು ಬಿಟ್ಟ ಅಂದ್ರೆ ನನ್ನ ಬಿಟ್ಟ ಅಂತಲ್ಲ ಅಂತ ದಿನಾ ನನಗೆ ನಾನೇ ಹೇಳ್ಕೋತೀನಿ. ಬೆಳಿಗ್ಗೆ ಒಂದ್ಸಲ, ಮಲಗುವಾಗ ಒಂದ್ಸಲ, ಮಾತ್ರೆ ನುಂಗೋ ಹಾಗೆ.

... ಕೇಳಿದ್ದಕ್ಕೆ ಥ್ಯಾಂಕ್ಸ್ ಕಣೆ. ಈಗ ನೀನು ಹೇಳು. ಇಷ್ಟೆಲ್ಲ ತಿಳಿದ ಮೇಲೂ ನಾಳೆ ನಾನು ಬರಬಾರದಾ? ಅವನಿಗೆ ಹೇಳು, ನೀಲಿ ಸೋಂಪಿನ ಪೊಟ್ಟಣ ತಂದಿಟ್ಟಿದ್ದೀನಿ ಅಂತ. ರಾತ್ರಿನೇ ಕೂತು ಬೆಣ್ಣೆ ಸವರಿಬಿಡ್ತೀನಿ. ಎಲ್ಲರೆದುರಿಗೂ ಕೊಡ್ತೀನಿ, ಎಲ್ಲರೆದುರಿಗೂ ಅವನ ಹೆಸರು ಹೇಳ್ತೀನಿ. ಆವತ್ತಿಗಿಂತ ಜೋರಾಗಿ ಹೇಳ್ತೀನಿ.

... ರಸ್ಕೇ ಬೇಡ್ವಾ. ನೀಲೀದೂ ಬೇಡ್ವಾ.

... ಯಾಕೆ? ಯಾಕೆ ಅಂತ ಹೇಳು. ಕೋಪ ಇನ್ನೂ ಇಳಿದಿಲ್ಲ ಅಂತಾನಾ?

... ಕೋಪ ಅಲ್ವಾ? ಮತ್ತೇನು?

... ಏನು ವಿಡಿಯೋ?

... ಆವತ್ತಿನದಾ? ನಾನು ತಟ್ಟೆ ಹಿಡ್ಕೊಂಡು ನಿಂತಿರೋದಾ? ಯಾರು ತೆಗೆದದ್ದು? ... ಕಾರಿಡಾರಿನ ಹುಡುಗರು. ಎಷ್ಟು ಜನ ನೋಡಿದ್ದಾರೆ?

... ಊರೆಲ್ಲಾನಾ. ಓಹೋ, ಅದಕ್ಕೇನಾ ಮೀನಿನ ಅಂಗಡೀಲಿ ಆ ಹುಡುಗಿ ನನ್ನ ನೋಡಿ ಬಾಯಿ ಮುಚ್ಕೊಂಡಿದ್ದು. ಮೂಗಿಗೆ ಏನೋ ಹತ್ತಿದೆ ಅಂತ ನಾನು ಕರ್ಚೀಫ್ ತೆಗೆದು ಒರೆಸ್ಕೊಂಡೆ.

... ನನ್ನದಿರಲಿ, ನನ್ನನ್ನ ನಗಲಿ ಬಿಡು. ಅವನಿಗೇನು ಮಾಡ್ತಾರೆ?

... ನಿಧಾನಕ್ಕೆ ಹೇಳು.

... ಲಾಕರಿಗಾ? ರಸ್ಕ್ ಪುಡೀನಾ? ... ಬ್ಯಾಗಿಗೂ. ಪುಸ್ತಕದ ನಡುವೆಲ್ಲ ಗುಲಾಬಿ ಸೋಂಪು. ದಿನಾನಾ?

... ದಿನಾ. ತರಗತಿಗೆ ಹೋದ್ರೆ ನನ್ನ ಧ್ವನಿ ಮಾಡಿ ಕೂಗ್ತಾರಾ? "ಮೆಲ್ಲೆ ಯಾರು, ಯಾರ ಮನೆ ಹುಡುಗ" ಅಂತಾನಾ?

...

... ಇಲ್ಲ, ನೀನು ಹೇಳಿದ್ದು ಒಳ್ಳೇದಾಯ್ತು. ಅವನು ನನ್ನ ಮೇಲೆ ಮುನಿಸಿಕೊಂಡಿದ್ದಾನೆ ಅಂತಷ್ಟೇ ನಾನು ಅಂದ್ಕೊಂಡಿದ್ದೆ. ಮುನಿಸಾದ್ರೆ ಒಂದಿನ ಇಳಿಯುತ್ತೆ, ಬಾಗಿಲು ತೆಗೆದಿಟ್ಕೊಂಡು ಕೂತಿದ್ರಾಯ್ತು ಅಂದ್ಕೊಂಡಿದ್ದೆ. ಇದು ಬೇರೇನೇ.

... ಹಾಂ. ನನ್ನ ಮುಖ ಕಂಡ್ರೆ ಮತ್ತೆ ಶುರುವಾಗುತ್ತೆ. ಗೊತ್ತಾಯ್ತು. ನೇರಳೆ ಸ್ವೆಟರಲ್ಲಿ ಹೋಗಿ ನಿಂತ್ರೆ ಇನ್ನೂ ಚೆಂದ.

... ಹೆಡ್ಮಾಸ್ಟ್ರು ಏನಂದ್ರು? ... ನಾಳೆ ಏನಾದ್ರೂ ಗಲಾಟೆ ಆದ್ರೆ ರೂಮ್ ವಾಪಸ್ ಕೊಡಿ ಅಂತಾನಾ? ಗಲಾಟೆ ಮಾಡೋರು ಆ ಹುಡುಗರು, ರೂಮ್ ಬಿಡಬೇಕಾದೋರು ನೀವು. ಇದಕ್ಕೂ ಗಾಳಿ ಜೋರಿತ್ತು ಅಂತಾರಾ ಆ ಮನುಷ್ಯ?

... ತಗೊಳ್ಳಲಿ ಬಿಡು. ಕಿತ್ಕೊಂಡ್ರೆ ಕಿತ್ಕೊಳ್ಳಲಿ. ನಮ್ಮನೆ ಇದೆಯಲ್ಲ. ಕುರ್ಚಿಗಳನ್ನ ನೀವು ಬಿಟ್ಟು ಹೋದ ಹಾಗೇ ಇಟ್ಟಿದ್ದೀನಿ, ಸುತ್ತ ಜೋಡಿಸಿ. ಬುಧವಾರ ಬನ್ನಿ. ಮತ್ತೆ ಮೊದಲಿನ ಹಾಗೆ...

... ಬರಲ್ವಾ? ಯಾರೂನಾ? ಸೈಕಲ್ ಹುಡುಗನೂ?

... ಇಲ್ಲ ಇಲ್ಲ, ನಿನ್ನ ತಪ್ಪಲ್ಲ. ಅವರಿಗೆ ಈ ಮನೆ ಅಂದ್ರೆ ಈಗ ಆ ತಟ್ಟೆ. ಹಾಂ. ಇರುತ್ತೆ.

...

ನಿಂಕೆ, ಒಂದು ಕೇಳ್ಲಾ? ಗೇಟಿನ ಹೊರಗೆ ನಿಂತ್ಕೊಂಡ್ರೆ? ಸೈಕಲ್ ನಿಲ್ಲಿಸೋ ಕಡೆ, ಆ ಕಡೆ ಮರದ ಹಿಂದೆ. ಕೋಟಿನ ಟೋಪಿ ಎಳ್ಕೋತೀನಿ. ಯಾವುದೋ ಮುದುಕಿ ಬಸ್ಸಿಗೆ ಕಾಯ್ತಿದ್ದಾಳೆ ಅಂದ್ಕೋತಾರೆ. ವೇದಿಕೆ ಕಾಣಿಸಲ್ಲ, ಗೊತ್ತು. ಮುಗಿದ ಮೇಲೆ ಅವನು ಹೊರಗೆ ಬರ್ತಾನಲ್ಲ, ಅಷ್ಟು.

... ಹೂಂ.

... ಹೂಂ, ನೀನು ಹೇಳೋದೂ ಸರಿ. ಆ ಹುಡುಗರ ಕಣ್ಣು ಚುರುಕು.

... ಇಲ್ಲ ಕಣೆ, ಅಳಬೇಡ. ನೀನು ಯಾಕೆ ಅಳ್ತೀಯ. ನಿನ್ನ ವಯಸ್ಸಿಗೆ ಇಂಥ ಫೋನು ಮಾಡೋ ಕೆಲಸ ಬರಬಾರದಿತ್ತು. ದೊಡ್ಡೋರು ಮಾಡಬೇಕಾದ್ದನ್ನೆಲ್ಲ ನಿನ್ನ ತಲೆಗೆ ಕಟ್ಟಿದ್ದಾರೆ. ಕೇಳು, ನಾನೇ ಹೇಳ್ತೀನಿ, ನೀನು ಬಾಯಿಬಿಟ್ಟು ಹೇಳೋದು ಬೇಡ. ನಾಳೆ ನಾನು ಬರಲ್ಲ. ಆಯ್ತಾ? ಗೇಟಿನ ಹತ್ರಾನೂ ಬರಲ್ಲ. ಮೀನಿನ ಅಂಗಡಿಗೂ ಹೋಗಲ್ಲ. ಮನೇಲಿರ್ತೀನಿ.

... ಮಾತು ಅಂದ್ರೆ ಮಾತು. ರೇಡಿಯೋ ವಿಷಯದಲ್ಲಿ ನೋಡಿದ್ದೀಯಲ್ಲ.

... ಅವನಿಗೆ ಹೇಳು, ಅಜ್ಜಿ ಒಪ್ಕೊಂಡ್ರು ಅಂತ. ಬೇಜಾರಿಲ್ಲದೆ ಒಪ್ಕೊಂಡ್ರು ಅಂತ ಹೇಳು. ವೇದಿಕೆ ಮೇಲೆ ನಿಂತಾಗ ತಲೆ ಬಗ್ಗಿಸಬೇಡ ಅಂತ ಹೇಳು, ಅವನಿಗೆ ಚಿಕ್ಕಂದಿನಿಂದ ಆ ಅಭ್ಯಾಸ, ಕಾಲ್ಬೆರಳಿಗೆ ಮಾತಾಡ್ತಾನೆ. ಯಾರಿಗೂ ಕೇಳಿಸಲ್ಲ ಆಮೇಲೆ.

... ಬಟ್ಟೆನಾ? ಯಾವ ಬಟ್ಟೆ?

... ಎಲ್ಲಾನಾ? ... ಪುಸ್ತಕಗಳೂ.

... ಅಂದ್ರೆ ಕ್ರಿಸ್‌ಮಸ್ಸಿಗೂ ಬರಲ್ಲ ಅಂತಾಯ್ತು.

... ಸರಿ, ಸರಿ, ನಿನಗೆ ಗೊತ್ತಿಲ್ಲ, ಕೇಳಲ್ಲ. ಚಳಿಗಾಲದ ಕೋಟು ಇಲ್ಲೇ ಗೂಟದಲ್ಲಿದೆ, ಮೊದಲು ಅದನ್ನ ತಗೊಂಡು ಹೋಗು. ನಿಮ್ಮಣ್ಣನ ಜಾಕೆಟ್ ಹಾಕ್ಕೊಂಡು ಓಡಾಡ್ತಿದ್ದಾನಂತೆ, ಬೌಕೆ ನೋಡಿದ್ಲಂತೆ, ಜಿಪ್ ಕೂಡ ಇಲ್ಲವಂತೆ ಅದಕ್ಕೆ. ಒಗೆದದ್ದೆಲ್ಲ ಮಡಚಿಟ್ಟಿದ್ದೀನಿ, ಚೀಲಕ್ಕೆ ತುಂಬಿದ್ರಾಯ್ತು. ಯಾವಾಗ ಬರ್ತೀಯ?

... ಈಗಾ? ಈಗಲೇನಾ? ಹಾಗಾದ್ರೆ ಎಲ್ಲಿದ್ದೀಯ ನೀನು?

... ಇರು, ಏನದು ಗಂಟೆ ಸದ್ದು? ಫೋನಲ್ಲೂ ಕೇಳಿಸ್ತಿದೆ, ಹೊರಗೂ ಕೇಳಿಸ್ತಿದೆ. ಸೇತು... ನೀನು ನಮ್ಮ ಸೇತುವೆ ಹತ್ರಾನೇ ಇದ್ದೀಯಾ? ದೋಣಿಗೆ ದಾರಿ ಬಿಡೋಕೆ ಸೇತುವೆ ಎತ್ತುತ್ತಿದ್ದಾರಾ?

... ಇರು, ಕಿಟಕಿ ಹತ್ರ ಬರ್ತೀನಿ. ಈ ವೈರು ಒಂದು, ಅಲ್ಲೀವರೆಗೂ ಬರೋದೇ ಇಲ್ಲ... ಹಾಂ, ಬಂತು. ಕಂಡೆ, ಕಂಡೆ. ಕೆಂಪು ದೀಪದ ಪಕ್ಕ. ಕೆಂಪು ಟೋಪಿ ನಿಂದೇ ಅಲ್ವಾ?

...

ನಿಂಕೆ. ನಿನ್ನ ಪಕ್ಕದಲ್ಲಿ ನಿಂತಿರೋದು ಯಾರು?

... ನಾನೇನೂ ಅನ್ನಲ್ಲ. ಸುಮ್ನೆ ಕೇಳಿದೆ.

... ಆಗ್ಲಿಂದ ಅಲ್ಲೇ ಇದ್ದಾನಾ? ನಾನು ಹೇಳಿದ್ದೆಲ್ಲ ಅವನಿಗೆ ಕೇಳಿಸ್ತಾ? ಉಪ್ಪಿನ ವಿಷಯ, ಹಾಲಿನ ವಿಷಯ?

... ಕೇಳಿಸ್ತು. ಹಾಂ. ಒಳ್ಳೇದೇ ಆಯ್ತು. ಏನಂದ?

... ಕಲ್ಲು ಒದೀತಾ ನಿಂತಿದ್ದಾನಾ. ಸರಿ. ಏನೂ ಅನ್ನೋದು ಬೇಡ. ಎಷ್ಟು ತೆಳ್ಳಗಾಗಿದ್ದಾನೆ ನಿಂಕೆ. ಕುತ್ತಿಗೆ ಎಲ್ಲ ಹೊರಗಿದೆ ಈ ಗಾಳೀಲಿ. ಇಲ್ಲಿಗೇ ನೋಡ್ತಿದ್ದಾನಾ, ನೀರು ನೋಡ್ತಿದ್ದಾನಾ? ಇಷ್ಟು ದೂರಕ್ಕೆ ನನಗೆ ಗೊತ್ತಾಗ್ತಿಲ್ಲ.

... ಇಲ್ಲ, ಹೊರಗೆ ಬರಲ್ಲ. ಹೆದರಬೇಡ ಅಂತ ಹೇಳು. ಇಲ್ಲೇ ಒಳಗೇ ನಿಂತಿರ್ತೀನಿ. ಅವನು ಆ ಕಡೇನೇ ಇರಲಿ, ಸೇತುವೆ ಇಳಿದ ಮೇಲೆ ನೀನೊಬ್ಬಳೇ ಬಾ. ಚೀಲ ಬಾಗಿಲಲ್ಲೇ ಇಟ್ಟಿರ್ತೀನಿ.

... ಒಂದೇ ಒಂದು ಕೇಳು ಅವನನ್ನ. ನಾನು ಕೈ ಬೀಸಬಹುದಾ ಅಂತ. ಒಂದ್ಸಲ. ಅವನು ಬೀಸೋದು ಬೇಡ. ನಾನು ಬೀಸಿದ್ರೆ ಪರವಾಗಿಲ್ವಾ ಅಂತ ಕೇಳು ಸಾಕು.

... ಬಗ್ಗಿ ಕೇಳ್ತಿದ್ದೀಯ, ಕಾಣಿಸ್ತಿದೆ. ನಿಧಾನಕ್ಕೆ ಕೇಳು. ನಾನು ಕಾಯ್ತೀನಿ.

...

ಅಯ್ಯೋ, ಈ ಮರಳು ಸಾಗಿಸೋ ದೋಣಿ ಈಗಲೇ ಬರಬೇಕಿತ್ತಾ. ಎಷ್ಟು ಉದ್ದ ಇದೆ. ಏನೂ ಕಾಣಿಸ್ತಿಲ್ಲ. ಏನಂದ ನಿಂಕೆ?

... ಹಲೋ? ಎಂಜಿನ್ ಸದ್ದಲ್ಲಿ ಕೇಳಿಸ್ತಿಲ್ಲ. ಏನೋ ಅಂದ ಅಂದ್ಯಲ್ಲ, ಏನಂದ?

... ಕೊರಕೊರ ಅಂತಿದೆ. ಇನ್ನೊಂದ್ಸಲ ಹೇಳು. ಹೂಂ ಅಂದ್ನಾ, ಊಹೂಂ ಅಂದ್ನಾ?

... ದೋಣಿ ದಾಟ್ತಾ ಇದೆ, ಬಾಲ ಬಂತು, ಹಾಂ, ಕಂಡೆ ಕಂಡೆ. ಕೆಂಪು ಟೋಪಿ ಕಂಡೆ. ನೀನೊಬ್ಬಳೇ ನಿಂತಿದ್ದೀಯಲ್ಲ. ಅವನೆಲ್ಲಿ ಹೋದ ನಿಂಕೆ, ಈಗಿನ್ನೂ ಅಲ್ಲೇ ಇದ್ದ... ಓ, ಆ ದಡದಲ್ಲೇ ಬೆನ್ನು ತಿರುಗಿಸಿ ನಡ್ಕೊಂಡು ಹೊರಟುಬಿಟ್ನಾ, ಅವನಿನ್ನೂ ಕೋಟು ಕೂಡ ತಗೊಂಡಿಲ್ಲವಲ್ಲ.